ಹಕ್ಕು ತಿಳಿಯದವಳಿಂದ ಪಡೆದ ರಾಜಿ

ಇಶಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲೋ ಹಿರಿಯರೊಬ್ಬರ ಮನೆಯ ಪಡಸಾಲೆಯಲ್ಲೋ ನಾಲ್ಕಾರು ಮಂದಿ ಸೇರುತ್ತಾರೆ. ಹುಡುಗನ ಕಡೆಯವರು ಒಂದು ಬದಿಯಲ್ಲಿ, ಹುಡುಗಿಯ ತಂದೆ ಮತ್ತು ಸೋದರಮಾವ ಇನ್ನೊಂದು ಬದಿಯಲ್ಲಿ. ಮಾತು ಏರುತ್ತದೆ, ಇಳಿಯುತ್ತದೆ, ನಡುವೆ ಚಹಾ ಬರುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಮೊತ್ತ ನಿಗದಿಯಾಗುತ್ತದೆ. ಕಾಗದವೊಂದು ಸಿದ್ಧವಾಗುತ್ತದೆ. 'ರಾಜಿಯಾಯಿತು' ಎಂದು ಎಲ್ಲರೂ ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತಾರೆ. ಆದರೆ ಯಾರ ಬದುಕಿನ ಕುರಿತು ಅಷ್ಟು ಹೊತ್ತು ಮಾತುಕತೆ ನಡೆಯಿತೋ ಆ ಹೆಣ್ಣುಮಗಳು ಮಾತ್ರ ಆ ಸಭೆಯಲ್ಲಿರುವುದಿಲ್ಲ. ಕಾಗದವು ಬಾಗಿಲಿನಾಚೆ ಆಕೆಯ ಬಳಿಗೆ ಹೋಗುತ್ತದೆ, ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹೊತ್ತು ಹಿಂದಿರುಗುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಓದುಗರಿಗೆ ಈ ದೃಶ್ಯವನ್ನು ಹೆಚ್ಚು ವಿವರಿಸಬೇಕಾದ ಅಗತ್ಯವಿಲ್ಲ.

ಇಂತಹ ಪಂಚಾಯತಿಗಳಲ್ಲಿ ಕೂರುವ ಹಿರಿಯರನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಇನ್ನೊಬ್ಬರ ಮನೆಯ ಜಗಳಕ್ಕಾಗಿ ತಮ್ಮ ನಿದ್ದೆ ಕೆಡಿಸಿಕೊಳ್ಳುವ, ಸ್ವಂತ ಖರ್ಚಿನಲ್ಲಿ ಊರಿಂದೂರಿಗೆ ಓಡಾಡುವ ಅವರಿಂದಾಗಿ ಎಷ್ಟೋ ಮನೆಗಳು ಒಡೆಯದೆ ಉಳಿದಿವೆ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ. ಆ ಕಾಗದಕ್ಕೆ ಸಹಿ ಹಾಕುವಾಗ ತಾನು ಯಾವುದನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದು ಆಕೆಗೆ ತಿಳಿದಿತ್ತೇ? ತಿಳಿದಿರಲಿಲ್ಲವೆಂದಾದರೆ ಅದನ್ನು ರಾಜಿ ಎಂದು ಕರೆಯಬಹುದೇ?

'ರಾಜಿ' ಎಂಬ ಪದ ಕನ್ನಡಕ್ಕೆ ಬಂದದ್ದು ಅರಬಿ, ಪಾರ್ಸಿಗಳ ದಾರಿಯಿಂದ. ಒಪ್ಪಿದ, ಸಂತುಷ್ಟ ಎಂಬುದು ಅದರ ಮೂಲಾರ್ಥ. 'ಹಕ್ಕು' ಎಂಬ ಪದವೂ ಅದೇ ದಾರಿಯಿಂದ ಬಂದದ್ದು. ಈ ಎರಡು ಪದಗಳು ಜೊತೆಯಾಗಿಯೇ ಇರಬೇಕಾದವು. ನಮ್ಮ ಪಂಚಾಯತಿಗಳಲ್ಲಿ ಮೊದಲನೆಯದು ಧಾರಾಳವಾಗಿ ಕೇಳಿಬರುತ್ತದೆ, ಎರಡನೆಯದು ಅಪರೂಪವಾಗಿದೆ.

ಪ್ರವಾದಿ ಮುಹಮ್ಮದ್(ಸ)ರ ಕಾಲದ ಒಂದು ಘಟನೆಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಬರೀರಾ ಎಂಬ ದಾಸಿಗೆ ಬಿಡುಗಡೆ ದೊರೆಯಿತು. ಆಕೆಯ ಪತಿ ಮುಗೀಸ್ ಇನ್ನೂ ದಾಸನಾಗಿದ್ದರು. ದಾಸ್ಯದಿಂದ ಬಿಡುಗಡೆಗೊಂಡ ಹೆಣ್ಣಿಗೆ ಆ ದಾಂಪತ್ಯವನ್ನು ಮುಂದುವರಿಸುವ ಅಥವಾ ತೊರೆಯುವ ಆಯ್ಕೆಯಿತ್ತು. ಬರೀರಾ ತೊರೆದರು. ಮುಗೀಸ್ ಮದೀನಾದ ಬೀದಿಗಳಲ್ಲಿ ಅಳುತ್ತಾ ಆಕೆಯ ಹಿಂದೆ ಸುತ್ತುತ್ತಿದ್ದುದನ್ನು ಕಂಡ ಪ್ರವಾದಿಯವರು(ಸ) ಮರಳಿ ಹೋಗಬಾರದೇ ಎಂದು ಆಕೆಯನ್ನು ಕೇಳಿದರು. ಇದು ತಮ್ಮ ಆಜ್ಞೆಯೋ ಎಂದು ಬರೀರಾ ಪ್ರಶ್ನಿಸಿದರು. ಅಲ್ಲ, ತಾನು ಕೇವಲ ಶಿಫಾರಸು ಮಾಡುತ್ತಿದ್ದೇನೆ ಎಂಬ ಉತ್ತರ ಬಂತು. ಹಾಗಾದರೆ ತನಗೆ ಆ ಸಂಬಂಧದ ಅಗತ್ಯವಿಲ್ಲ ಎಂದು ಆಕೆ ಸ್ಪಷ್ಟವಾಗಿ ತಿಳಿಸಿದರು. ಬುಖಾರಿಯಲ್ಲಿ ದಾಖಲಾಗಿರುವ ಈ ಘಟನೆಯನ್ನು ನಾವು ಸಾಮಾನ್ಯವಾಗಿ ಮುಗೀಸ್‌ರ ಪ್ರೇಮದ ಕಥೆಯಾಗಿ ಕೇಳುತ್ತೇವೆ. ವಾಸ್ತವದಲ್ಲಿ ಅದು ಮಧ್ಯಸ್ಥಿಕೆಯ ಬಹುದೊಡ್ಡ ಪಾಠವಾಗಿದೆ. ಆಜ್ಞೆ ಯಾವುದು, ಶಿಫಾರಸು ಯಾವುದು ಎಂಬ ವ್ಯತ್ಯಾಸ ಆ ಮಹಿಳೆಗೆ ತಿಳಿದಿತ್ತು. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯವಿತ್ತು. ಕೇಳಿದಾಗ ಪ್ರಾಮಾಣಿಕ ಉತ್ತರ ಕೊಡುವ ಮಧ್ಯಸ್ಥರೂ ಇದ್ದರು. ಈ ಮೂರರಲ್ಲಿ ಯಾವುದು ಇಲ್ಲದಿದ್ದರೂ ಮಧ್ಯಸ್ಥಿಕೆಯು ಒತ್ತಾಯವಾಗಿ ಮಾರ್ಪಡುತ್ತದೆ.

ದಾಂಪತ್ಯ ಮುರಿಯುವ ಭೀತಿ ಎದುರಾದಾಗ ಪತಿಯ ಕಡೆಯಿಂದ ಒಬ್ಬರನ್ನು, ಪತ್ನಿಯ ಕಡೆಯಿಂದ ಒಬ್ಬರನ್ನು ಮಧ್ಯಸ್ಥರಾಗಿ ನೇಮಿಸಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 35ನೇ ಸೂಕ್ತ ಆದೇಶಿಸುತ್ತದೆ. ನಮ್ಮ ದೇಶದ ಸುಪ್ರೀಮ್ ಕೋರ್ಟ್ 2002ರ ಅಕ್ಟೋಬರ್ 1ರಂದು ಶಮೀಮ್ ಆರಾ ಪ್ರಕರಣದಲ್ಲಿ ನೀಡಿದ ತೀರ್ಪು ಈ ಸೂಕ್ತದ ಆಶಯಕ್ಕೆ ಕಾನೂನಿನ ಬಲವನ್ನು ಒದಗಿಸಿತು. ತಲಾಕ್‌ಗೆ ಸಕಾರಣವಿರಬೇಕು ಮತ್ತು ಅದಕ್ಕಿಂತ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ಸಂಧಾನದ ಪ್ರಯತ್ನ ನಡೆದಿರಬೇಕು ಎಂದು ನ್ಯಾಯಾಲಯ ಹೇಳಿತು. ಅಂದರೆ, ಮಧ್ಯಸ್ಥಿಕೆಯು ನಮ್ಮ ಧರ್ಮದ ಬೇಡಿಕೆಯೂ ಹೌದು, ದೇಶದ ಕಾನೂನಿನ ಬೇಡಿಕೆಯೂ ಹೌದು. ಹೀಗಿರುತ್ತಾ, ಆ ಕೆಲಸಕ್ಕೆ ತರಬೇತಿ ಪಡೆದ ಎಷ್ಟು ಮಂದಿಯನ್ನು ನಾವು ಬೆಳೆಸಿದ್ದೇವೆ? ವೈದ್ಯನಾಗಲು, ಇಂಜಿನಿಯರನಾಗಲು ಮಕ್ಕಳನ್ನು ಸಜ್ಜುಗೊಳಿಸುವ ನಾವು ಮಗಳೊಬ್ಬಳು ಕೌಟುಂಬಿಕ ಕಾನೂನಿನ ಮಧ್ಯಸ್ಥೆಯಾಗುತ್ತೇನೆ, ಊರಿನ ಮಹಿಳೆಯರಿಗೆ ಕಾನೂನು ಕಲಿಸುತ್ತೇನೆ ಎಂದರೆ ಅದನ್ನು ಒಂದು ವೃತ್ತಿಯೆಂದು ಒಪ್ಪುತ್ತೇವೆಯೇ?

ಯಾದಗಿರಿಯು ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 51.83 ಇತ್ತು. ರಾಜ್ಯದ ಸರಾಸರಿ ಶೇ. 75.36 ಇದ್ದಾಗ ಇದು ಎಲ್ಲ ಜಿಲ್ಲೆಗಳಿಗಿಂತ ಕಡಿಮೆಯಾಗಿತ್ತು. ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೂ ಅಕ್ಷರಜ್ಞಾನವಿರಲಿಲ್ಲ. ಇದರ ಜೊತೆಗೆ ಭಾಷೆಯ ತೊಡಕೂ ಇದೆ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದ ಮುಸ್ಲಿಮ್ ಮನೆಗಳಲ್ಲಿ ಮಾತು ದಖ್ಖನಿಯಲ್ಲಿ, ನಿಕಾಹ್‌ನಾಮಾ ಉರ್ದುವಿನಲ್ಲಿ, ನ್ಯಾಯಾಲಯದ ಕಾಗದಪತ್ರಗಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ತನ್ನ ಮದುವೆಯ ದಾಖಲೆಯನ್ನೂ ತನ್ನ ದಾವೆಯ ಅರ್ಜಿಯನ್ನೂ ಓದಲಾರದ ಹೆಣ್ಣುಮಗಳು ಇನ್ನೊಬ್ಬರ ಬಾಯಿಮಾತನ್ನೇ ನಂಬಬೇಕಾಗುತ್ತದೆ. ಆ ಇನ್ನೊಬ್ಬರು ಯಾರು ಎಂಬುದರ ಮೇಲೆ ಆಕೆಯ ಭವಿಷ್ಯ ನಿಂತಿದೆ.

ಇನ್ನೊಂದು, ವಲಸೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರು, ಮುಂಬೈ, ಹೈದರಾಬಾದುಗಳಿಗೆ ದುಡಿಮೆಗಾಗಿ ಹೊರಡುವ ಜನರಿಂದ ಯಾದಗಿರಿಯ ರೈಲು ನಿಲ್ದಾಣ ತುಂಬಿರುತ್ತದೆ. ಹೋದವರಲ್ಲಿ ಹೆಚ್ಚಿನವರು ಹಣ ಕಳುಹಿಸುತ್ತಾರೆ, ಮರಳಿ ಬರುತ್ತಾರೆ. ಕೆಲವರು ಬರುವುದಿಲ್ಲ. ಮೊದಲು ಹಣ ನಿಲ್ಲುತ್ತದೆ, ಬಳಿಕ ಫೋನ್ ನಿಲ್ಲುತ್ತದೆ. ಅತ್ತ ವಿವಾಹಿತೆಯೂ ಅಲ್ಲದ, ಇತ್ತ ವಿಚ್ಛೇದಿತೆಯೂ ಅಲ್ಲದ ಸ್ಥಿತಿಯಲ್ಲಿ ಆ ಪತ್ನಿಯು ತವರುಮನೆಯ ಮೂಲೆಯಲ್ಲಿ ವರ್ಷಗಳನ್ನು ಕಳೆಯುತ್ತಾಳೆ. ಪತಿಯ ಸುಳಿವು 4 ವರ್ಷ ಇಲ್ಲದಿದ್ದರೆ ಅಥವಾ ಆತ 2 ವರ್ಷ ಜೀವನಾಂಶ ಕೊಡದಿದ್ದರೆ ನ್ಯಾಯಾಲಯದ ಮೂಲಕ ವಿವಾಹವನ್ನು ರದ್ದುಗೊಳಿಸಿಕೊಳ್ಳುವ ಹಕ್ಕನ್ನು 1939ರ ಮುಸ್ಲಿಮ್ ವಿವಾಹ ವಿಚ್ಛೇದನಾ ಕಾಯ್ದೆಯೇ ಆಕೆಗೆ ಕೊಟ್ಟಿದೆ. ಅಷ್ಟೇ ಅಲ್ಲ, ಹಾಗೆ ರದ್ದಾದರೂ ಆಕೆಯ ಮಹ್ರ್‌ನ ಹಕ್ಕಿಗೆ ಚ್ಯುತಿಯಿಲ್ಲ ಎಂದು ಅದೇ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಸ್ವಾತಂತ್ರ್ಯಕ್ಕಿಂತ ಮೊದಲೇ, ಉಲಮಾಗಳ ಒತ್ತಾಸೆಯಿಂದಲೇ ರೂಪುಗೊಂಡ ಈ ಕಾನೂನು ನಮ್ಮ ಎಷ್ಟು ಮನೆಗಳಿಗೆ ಗೊತ್ತಿದೆ?

ತಿಳಿದಿರಬೇಕಾದ ಇತರ ಸಂಗತಿಗಳೂ ಇವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಯಾವುದೇ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ಯಾದಗಿರಿಯ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲೂಕು ನ್ಯಾಯಾಲಯಗಳಲ್ಲಿರುವ ಸಮಿತಿಗಳಿಗೋ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡಬೇಕಾದದ್ದು ಅವುಗಳ ಕರ್ತವ್ಯ. 15100 ಎಂಬ ಸಹಾಯವಾಣಿಯೂ ಇದಕ್ಕಾಗಿಯೇ ಇದೆ. 1986ರ ಕಾಯ್ದೆಯಂತೆ ವಿಚ್ಛೇದಿತೆಗೆ ಮಹ್ರ್ ಮಾತ್ರವಲ್ಲ, ಮದುವೆಯ ಸಂದರ್ಭದಲ್ಲಿ ಆಕೆಗೆ ಕೊಟ್ಟ ಒಡವೆ, ವಸ್ತುಗಳೂ ಹಿಂದಿರುಗಬೇಕು. ಇದ್ದತ್‌ನ ಅವಧಿಯೊಳಗೆ ಕೊಡಬೇಕಾದ 'ನ್ಯಾಯಯುತ ವ್ಯವಸ್ಥೆ'ಯು ಆಕೆಯ ಮುಂದಿನ ಬದುಕನ್ನೂ ಒಳಗೊಳ್ಳಬೇಕು ಎಂದು 2001ರ ದಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ವ್ಯಾಖ್ಯಾನಿಸಿತು. 2024ರ ಜುಲೈ 10ರಂದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್‌ನ ಅಡಿಯಲ್ಲೂ ಮುಸ್ಲಿಮ್ ವಿಚ್ಛೇದಿತೆಯು ಜೀವನಾಂಶ ಕೇಳಬಹುದು ಎಂದು ಸ್ಪಷ್ಟಪಡಿಸಿತು. ಆ ಸೆಕ್ಷನ್ ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ.

ಈ ತೀರ್ಪುಗಳ ಕುರಿತು ಸಮುದಾಯದಲ್ಲಿ ಭಿನ್ನ ಅಭಿಪ್ರಾಯಗಳಿವೆ ಎಂಬುದು ನಮಗೆ ತಿಳಿದಿದೆ. ಭಿನ್ನಾಭಿಪ್ರಾಯ ಇರಲಿ. ಆದರೆ ವಿಚ್ಛೇದಿತೆಯರಿಗೆ ಸೌಜನ್ಯದಿಂದ ಕೊಡಬೇಕಾದ ಪಾಲಿನ ಕುರಿತು ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ಹೇಳಿದ್ದನ್ನು ನಾವೇ ಪಾಲಿಸಿದ್ದರೆ ಎಷ್ಟು ಮಹಿಳೆಯರು ನ್ಯಾಯಾಲಯದ ಮೆಟ್ಟಿಲೇರಬೇಕಾಗಿತ್ತು? ಈ ಪ್ರಶ್ನೆಗೆ ಉತ್ತರಿಸದೆ ತೀರ್ಪುಗಳನ್ನು ಟೀಕಿಸುವ ನೈತಿಕ ಹಕ್ಕು ನಮಗೆ ಒದಗುವುದಿಲ್ಲ.

ಇಷ್ಟನ್ನು ತಿಳಿದುಕೊಂಡ ಹೆಣ್ಣುಮಗಳು ರಾಜಿಗೆ ಕೂರುವುದಕ್ಕೂ ಏನೂ ತಿಳಿಯದೆ ಕೂರುವುದಕ್ಕೂ ಅಜಗಜಾಂತರವಿದೆ. ತಿಳಿದವಳು ತನಗೆ ಸಲ್ಲಬೇಕಾದದ್ದರಲ್ಲಿ ಸ್ವಲ್ಪವನ್ನು ಮಕ್ಕಳಿಗಾಗಿಯೋ ನೆಮ್ಮದಿಗಾಗಿಯೋ ಬಿಟ್ಟುಕೊಟ್ಟರೆ ಅದು ಔದಾರ್ಯ. ತಿಳಿಯದವಳಿಂದ ಬಿಡಿಸಿಕೊಂಡರೆ ಅದು ಕಸಿದುಕೊಂಡದ್ದು. ಪತಿಯ ಮಯ್ಯಿತ್‌ನ ಮುಂದೆ ವಿಧವೆಯನ್ನು ನಿಲ್ಲಿಸಿ ಮಹ್ರ್ ಮಾಫ್ ಮಾಡಿಸುವ ರೂಢಿಯನ್ನು ನಾವು ಕಂಡಿದ್ದೇವೆ. ದುಃಖದಲ್ಲಿ ಮುಳುಗಿದ ಆಕೆ ತಲೆಯಾಡಿಸುತ್ತಾಳೆ. ಅದು ತನ್ನ ಪತಿಯ ಆಸ್ತಿಯ ಮೇಲಿನ ಸಾಲವೆಂದೂ ವಾರಸುದಾರರ ಪಾಲಿಗಿಂತ ಮೊದಲು ತೀರಬೇಕಾದದ್ದೆಂದೂ ಆಕೆಗೆ ಯಾರೂ ಹೇಳಿರುವುದಿಲ್ಲ. ಆದ್ದರಿಂದಲೇ ಮಧ್ಯಸ್ಥರು ಮತ್ತು ಕಾನೂನು ಶಿಕ್ಷಕರು ಎಂಬ ಎರಡು ಪ್ರತ್ಯೇಕ ವ್ಯಕ್ತಿಗಳನ್ನು ನಾವು ಕಲ್ಪಿಸಿಕೊಳ್ಳಬೇಕಾಗಿಲ್ಲ. ಕಲಿಸಿದವರು ಮಾತ್ರ ಮಧ್ಯಸ್ಥಿಕೆ ಮಾಡಬಲ್ಲರು.

ಹಾಗಾದರೆ ತರಬೇತಿ ಪಡೆದ ಮಧ್ಯಸ್ಥರು ಏನು ಮಾಡುತ್ತಾರೆ? ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಆಲಿಸುತ್ತಾರೆ. ಅಲ್ಲಿ ಹೇಳಿದ್ದನ್ನು ಅನುಮತಿಯಿಲ್ಲದೆ ಇನ್ನೊಬ್ಬರ ಕಿವಿಗೆ ಹಾಕುವುದಿಲ್ಲ. ತೀರ್ಪು ಕೊಡುವುದಿಲ್ಲ, ಯಾರು ತಪ್ಪಿತಸ್ಥರು ಎಂದು ಘೋಷಿಸುವುದಿಲ್ಲ. ಕೋಪದ ಮಾತಿನ ಹಿಂದೆ ಅಡಗಿರುವ ನಿಜವಾದ ತಕರಾರನ್ನು ಹೊರತೆಗೆಯುತ್ತಾರೆ. ಎಷ್ಟೋ ವೇಳೆ ಅದು 'ಜೋಡೆ ಕೀ ರಖಮ್'ನ ಬಾಕಿಯಾಗಿರುತ್ತದೆ, ಅತ್ತೆಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದ ಸಂಕಟವಾಗಿರುತ್ತದೆ, ಗಂಡನ ಕುಡಿತವಾಗಿರುತ್ತದೆ. ದಾಂಪತ್ಯ ಉಳಿಯುವಂತಿದ್ದರೆ ಯಾವ ಷರತ್ತಿನಲ್ಲಿ ಎಂಬುದನ್ನು ಬರೆಯುತ್ತಾರೆ. ಉಳಿಯದೆಂದಾದರೆ ಮಹ್ರ್ ಎಷ್ಟು, ಒಡವೆಗಳ ಪಟ್ಟಿ ಏನು, ಮಕ್ಕಳು ಯಾರ ಬಳಿ, ತಂದೆ ಯಾವ ದಿನಗಳಲ್ಲಿ ಕಾಣಬಹುದು, ಶಾಲೆಯ ಶುಲ್ಕ ಯಾರದು, ಜೀವನಾಂಶ ಯಾವ ತಾರೀಕಿಗೆ ಯಾವ ಬ್ಯಾಂಕ್ ಖಾತೆಗೆ ಜಮೆಯಾಗಬೇಕು ಎಂಬುದೆಲ್ಲ ಕಾಗದದಲ್ಲಿರುತ್ತದೆ. ಬಳಿಕ ಅದನ್ನು ಇಬ್ಬರಿಗೂ ಅವರವರ ಭಾಷೆಯಲ್ಲಿ ಓದಿ ಹೇಳಿ, ಒಪ್ಪದಿರುವ ಸ್ವಾತಂತ್ರ್ಯವೂ ಅವರಿಗಿದೆ ಎಂದು ತಿಳಿಸಿದ ಬಳಿಕವೇ ಸಹಿ.

ಈ ಎಚ್ಚರಿಕೆಗೆ ಬಲವಾದ ಕಾರಣವಿದೆ. ಲೋಕ ಅದಾಲತ್‌ನಲ್ಲಿ ದಾಖಲಾದ ರಾಜಿಯು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ವಿರುದ್ಧ ಮೇಲ್ಮನವಿಯಿಲ್ಲ. ಜೀವನಾಂಶ ಕೊಡಲು ಒಪ್ಪಿ ತಪ್ಪಿಸಿಕೊಳ್ಳುವವನ ವಿರುದ್ಧ ಇದು ಒಳ್ಳೆಯ ಆಯುಧ. ಆದರೆ ತಿಳಿಯದೆ ಸಹಿ ಹಾಕಿದವಳ ಪಾಲಿಗೆ ಅದೇ ಮುಚ್ಚಿದ ಬಾಗಿಲು. ಹಾಗೆಯೇ, ಎಲ್ಲ ಪ್ರಕರಣಗಳೂ ಮಧ್ಯಸ್ಥಿಕೆಗೆ ತಕ್ಕವಲ್ಲ. ಹೊಡೆತ ತಿಂದು, ಜೀವಭಯದಿಂದ ಬಂದವಳನ್ನು 'ಹೊಂದಿಕೊಂಡು ಹೋಗು' ಎಂದು ಮರಳಿ ಕಳುಹಿಸುವುದು ಮಧ್ಯಸ್ಥಿಕೆಯಲ್ಲ, ಅಪರಾಧದಲ್ಲಿ ಪಾಲುದಾರಿಕೆ. ಅಂತಹವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣಾಧಿಕಾರಿಯ ಕಚೇರಿಯನ್ನು ತೋರಿಸುವುದೇ ಸರಿಯಾದ ದಾರಿ.

ನ್ಯಾಯಾಲಯವೊಂದೇ ಸಾಕಲ್ಲ, ಮಧ್ಯಸ್ಥರೇಕೆ ಎಂದು ಕೇಳುವವರೂ ಇದ್ದಾರೆ. ಬೆಂಗಳೂರಿನ ಒಂದು ಪ್ರಕರಣವನ್ನು ಅವರು ಗಮನಿಸಬೇಕು. ಅಲ್ಲಿ ತಲಾಕ್ ನಡೆದದ್ದು 1991ರಲ್ಲಿ. ಮಹ್ರ್ 5,000 ರೂಪಾಯಿ. ಮಹಿಳೆ ಜೀವನಾಂಶಕ್ಕಾಗಿ ದಾವೆ ಹೂಡಿದ್ದು 2002ರಲ್ಲಿ. ಆಕೆಗೆ ಸಲ್ಲಬೇಕಾದದ್ದನ್ನು ಕೊಡಲೇಬೇಕೆಂದು ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆದೇಶಿಸಿದ್ದು 2021ರ ಅಕ್ಟೋಬರ್‌ನಲ್ಲಿ. ತಲಾಕ್‌ನಿಂದ ಆದೇಶದವರೆಗೆ ಮೂವತ್ತು ವರ್ಷ! ಮುಸ್ಲಿಮ್ ವಿವಾಹವು ಒಂದು ಒಪ್ಪಂದವೇ ಹೌದಾದರೂ ಅದು ಮುರಿದಾಕ್ಷಣ ಹೊಣೆಗಳೆಲ್ಲ ಮುಗಿಯುವುದಿಲ್ಲ ಎಂಬ ಆ ತೀರ್ಪಿನ ಮಾತು ಸರಿಯಾದದ್ದೇ. ಆದರೆ ಆ ಮಾತನ್ನು ಕೇಳಲು ಒಬ್ಬ ಮಹಿಳೆ ತನ್ನ ಯೌವನವನ್ನೆಲ್ಲ ತೆರಬೇಕಾಯಿತು.

ಕರ್ನಾಟಕದಲ್ಲಿ ದಾರಿ ಇಲ್ಲದಿಲ್ಲ. ಹೈಕೋರ್ಟಿನ ಅಡಿಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಆರಂಭವಾಯಿತು. ನ್ಯಾಯಾಲಯಗಳು ಒಪ್ಪಿಸುವ ಪ್ರಕರಣಗಳಿಗೆ ಮಧ್ಯಸ್ಥರಾಗಲು 40 ಗಂಟೆಗಳ ತರಬೇತಿಯ ಕ್ರಮವಿದೆ. ಕಾನೂನು ಪದವಿಯಿಲ್ಲದವರೂ ಅರೆಕಾನೂನು ಸ್ವಯಂಸೇವಕರಾಗಿ ಕಾನೂನು ಸೇವಾ ಪ್ರಾಧಿಕಾರದೊಂದಿಗೆ ದುಡಿಯಬಹುದು. 2023ರ ಮಧ್ಯಸ್ಥಿಕೆ ಕಾಯ್ದೆಯು ಒಂದು ಪ್ರದೇಶದ ಕುಟುಂಬಗಳ ನಡುವಣ ವಿವಾದಗಳಿಗಾಗಿ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವನ್ನೇ ಒಳಗೊಂಡಿದ್ದು, ಮಧ್ಯಸ್ಥರ ಪಟ್ಟಿಯಲ್ಲಿ ಮಹಿಳೆಯರ ಪ್ರಾತಿನಿಧ್ಯವನ್ನು ಪರಿಗಣಿಸಬೇಕೆನ್ನುತ್ತದೆ. ದಾರುಲ್ ಕಝಾಗಳಿಗೂ ಸಂಧಾನದ ಅವಕಾಶವಿದೆ. ಅವುಗಳ ಅಭಿಪ್ರಾಯವನ್ನು ಯಾರ ಮೇಲೂ ಹೇರುವಂತಿಲ್ಲ ಎಂದಷ್ಟೇ 2014ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿದೆ. ಬರೀರಾರ ಪ್ರಶ್ನೆಗೆ ದೊರೆತ ಉತ್ತರಕ್ಕೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ.

ಹಾಸನದ ವಕೀಲೆ ಬಾನು ಮುಷ್ತಾಕ್‌ರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡ ನಾಡೇ ಸಂಭ್ರಮಿಸಿತು. ತಮ್ಮ ಬಳಿಗೆ ನೆರವು ಕೇಳಿ ಬಂದ ಮಹಿಳೆಯರ ಬದುಕೇ ತಮ್ಮ ಕತೆಗಳ ಮೂಲ ಎಂದವರು ಹೇಳಿದ್ದಾರೆ. ಅದೇ ಬಾನು ಅವರು ಮಸೀದಿಗೆ ಮಹಿಳೆಯರ ಪ್ರವೇಶದ ಕುರಿತು ಮಾತಾಡಿದ್ದಕ್ಕಾಗಿ 2000ರಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕೆಂದಿಲ್ಲ. ಆದರೆ ಒಂದು ಊರಿನ ಮಹಿಳೆಯರು ತಮ್ಮ ಸಂಕಟವನ್ನು ಹೊತ್ತು ಹೋಗಲು ಓರ್ವ ವಕೀಲೆಯ ಬಾಗಿಲು ತೆರೆದಿತ್ತು ಎಂಬುದೇ ದೊಡ್ಡ ಮಾತು. ಶಹಾಪುರದ, ಸುರಪುರದ ಹೆಣ್ಣುಮಗಳಿಗೆ ಅಂತಹ ಬಾಗಿಲು ಎಲ್ಲಿದೆ? ಅಂತಹ ಬಾಗಿಲನ್ನು ತೆರೆಯಲು ಮುಂದಾಗುವ ಮಗಳನ್ನು ನಾವು ಬೆಂಬಲಿಸುತ್ತೇವೆಯೋ ಬಹಿಷ್ಕರಿಸುತ್ತೇವೆಯೋ?

1985ರ ಶಾಬಾನು ತೀರ್ಪಿನ ಬಳಿಕ ನಾವು ಬೀದಿಗಿಳಿದೆವು. 2017ರಲ್ಲಿ ಏಕಕಾಲದ ತ್ರಿವಳಿ ತಲಾಕ್ ರದ್ದಾದಾಗ, 2019ರಲ್ಲಿ ಅದು 3 ವರ್ಷಗಳವರೆಗೆ ಜೈಲುಶಿಕ್ಷೆಯ ಅಪರಾಧವಾದಾಗಲೂ ಮಾತಾಡಿದೆವು. ಜೈಲಿನಲ್ಲಿರುವ ಪತಿಯು ಜೀವನಾಂಶವನ್ನು ಎಲ್ಲಿಂದ ಕೊಡಬೇಕು ಎಂಬ ಪ್ರಶ್ನೆ ಇವತ್ತಿಗೂ ನ್ಯಾಯಬದ್ಧವಾದುದೇ. ಮುಸ್ಲಿಮ್ ಮಹಿಳೆಯ ಹೆಸರಲ್ಲಿ ರಾಜಕೀಯ ಮಾಡುವವರಿಗೆ ಆಕೆಯ ಶಿಕ್ಷಣದ, ಉದ್ಯೋಗದ ಬಗ್ಗೆ ಕಾಳಜಿಯಿಲ್ಲ ಎಂಬ ನಮ್ಮ ಆರೋಪದಲ್ಲೂ ಹುರುಳಿದೆ. ಆದರೆ ಪ್ರತಿಭಟನೆಯ ಮರುದಿನ ನಾವೇನು ಮಾಡಿದೆವು? ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯು 2005ರಲ್ಲಿ ಮಾದರಿ ನಿಕಾಹ್‌ನಾಮಾವೊಂದನ್ನು ಹೊರತಂದಿತ್ತು. ಅದು ನಮ್ಮ ಮೊಹಲ್ಲಾದ ಎಷ್ಟು ಮದುವೆಗಳಲ್ಲಿ ಬಳಕೆಯಾಗಿದೆ? ಮನೆಯೊಳಗಿನ ಅನ್ಯಾಯವನ್ನು ನಾವೇ ಸರಿಪಡಿಸದಿದ್ದರೆ ಸರಿಪಡಿಸುವ ನೆಪದಲ್ಲಿ ಹೊರಗಿನವರು ಬಾಗಿಲು ಬಡಿಯುತ್ತಾರೆ. ಆಗ ದೂರಿ ಪ್ರಯೋಜನವಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೂರು ಪಟ್ಟಣಗಳ ಜಮಾಅತ್‌ಗಳು ಸೇರಿ ಪ್ರತಿವರ್ಷ ಇಬ್ಬರು ಹೆಣ್ಣುಮಕ್ಕಳ ಕಾನೂನು ಶಿಕ್ಷಣದ ಖರ್ಚನ್ನು ವಹಿಸಿಕೊಳ್ಳಲಿ. ಮಸೀದಿಯ ಪಂಚಾಯತಿಯಲ್ಲಿ ಓರ್ವ ಮಹಿಳೆಯಾದರೂ ಇರಲಿ, ಯಾರ ಬದುಕಿನ ವಿಷಯವೋ ಆಕೆಯೇ ಅಲ್ಲಿ ಮಾತಾಡುವಂತಾಗಲಿ. ತಿಂಗಳಿಗೊಂದು ಜುಮಾ ಖುತ್ಬಾದ ವಿಷಯವು ಮಹ್ರ್, ಜೀವನಾಂಶ, ಖುಲಾ, ವಾರಸು ಹಕ್ಕುಗಳೇ ಆಗಲಿ. ನಿಕಾಹ್‌ಗೆ ಮೊದಲು ವಧೂವರರಿಬ್ಬರಿಗೂ ನಿಕಾಹ್‌ನಾಮಾವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳುವ ಹೊಣೆಯನ್ನು ಖಾಝಿಗಳು ಹೊತ್ತುಕೊಳ್ಳಲಿ. ಪ್ರಾಧಿಕಾರದ ಅಧಿಕಾರಿಗಳನ್ನು ಮದ್ರಸಾಕ್ಕೋ ಶಾದಿ ಮಹಲಿಗೋ ಆಹ್ವಾನಿಸಿ ಮಹಿಳೆಯರಿಗಾಗಿ ಕಾನೂನು ಅರಿವಿನ ಶಿಬಿರ ನಡೆಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮುಂದಿನ ಬಾರಿ ಇಶಾದ ಬಳಿಕ ಆ ಜಗಲಿಯಲ್ಲಿ ನಾಲ್ಕು ಮಂದಿ ಸೇರಿದಾಗ ಬಾಗಿಲಿನಾಚೆಯಿಂದ ಒಂದು ಹೆಣ್ಣುದನಿ, ಇದು ತಮ್ಮ ಆಜ್ಞೆಯೋ ಶಿಫಾರಸೋ ಎಂದು ಕೇಳಿದರೆ ಅದನ್ನು ಉದ್ಧಟತನವೆಂದು ಭಾವಿಸಬೇಡಿ. ಅದು ಬರೀರಾರ ಪ್ರಶ್ನೆ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಲು ನಾವು ಸಿದ್ಧರಿದ್ದೇವೆಯೇ?